‘ಹೆಚ್‌ಸಿವಿ ರಿಯಾಕ್ಟಿವ್’ ಎಂದು ವರದಿ ಬಂದರೆ: ಹೆಪಟೈಟಿಸ್ ಸಿ ಪರೀಕ್ಷೆಯಿಂದ ಚಿಕಿತ್ಸೆಯವರೆಗೆ

ಕಣ್ಣಿನ ಪೊರೆ ತೆಗೆಸುವ ಮುಂಚೆ, ಹರ್ನಿಯಾ ಆಪರೇಷನ್ನಿಗೆ, ಹೆರಿಗೆಗೆ, ಡಯಾಲಿಸಿಸ್‌ಗೆ ಸೇರುವಾಗ ಆಸ್ಪತ್ರೆಗಳು ಸಾಮಾನ್ಯವಾಗಿ ಮೂರು ವೈರಸ್‌ಗಳ ಪರೀಕ್ಷೆ ಬರೆಯುತ್ತವೆ: ಹೆಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ (ಹೆಚ್‌ಸಿವಿ). ಮೊದಲೆರಡರ ಹೆಸರನ್ನು ಜನ ಕೇಳಿರುತ್ತಾರೆ. ಮೂರನೆಯದರ ಎದುರು ‘ರಿಯಾಕ್ಟಿವ್’ ಎಂದು ಬಂದಾಗ ಮನೆಯವರಿಗೆ ಏನೂ ತೋಚುವುದಿಲ್ಲ. ಆಪರೇಷನ್ ಮುಂದಕ್ಕೆ ಹೋಗುತ್ತದೆ, ಊಟದ ತಟ್ಟೆ ಬೇರೆಯಾಗುತ್ತದೆ, ಯಾರೋ ನಾಟಿ ಔಷಧಿಯ ವಿಳಾಸ ಕೊಡುತ್ತಾರೆ.

ಆ ಒಂದು ಪದದಿಂದ ಕಾಯಿಲೆ ಇದೆ ಎಂದು ತೀರ್ಮಾನಿಸಲು ಬರುವುದಿಲ್ಲ. ಇನ್ನೊಂದು ಪರೀಕ್ಷೆ ಬಾಕಿ ಇದೆ. ಅದರಲ್ಲೂ ವೈರಸ್ ಇದೆ ಎಂದೇ ಬಂದರೆ, ಹೆಚ್ಚಿನವರಿಗೆ 12 ವಾರ ದಿನವೂ ಮಾತ್ರೆ ನುಂಗಿದರೆ ಸೋಂಕು ಪೂರ್ತಿ ಹೋಗುತ್ತದೆ. ಸರ್ಕಾರಿ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ.

ಎಲ್ಲ ಕಾಮಾಲೆಯೂ ಒಂದೇ ಅಲ್ಲ

ಹೆಪಟೈಟಿಸ್ ಎಂದರೆ ಯಕೃತ್ತಿನ, ಅಂದರೆ ಲಿವರಿನ, ಉರಿಯೂತ. ಅದನ್ನು ತರುವ ವೈರಸ್‌ಗಳಿಗೆ ಎ, ಬಿ, ಸಿ, ಡಿ, ಇ ಎಂದು ಹೆಸರಿಟ್ಟಿದ್ದಾರೆ. ಎ ಮತ್ತು ಇ ಕಲುಷಿತ ನೀರು, ಆಹಾರದಿಂದ ಬರುತ್ತವೆ. ಊರಿನ ಕುಡಿಯುವ ನೀರಿಗೆ ಚರಂಡಿ ನೀರು ಸೇರಿ ಹತ್ತಾರು ಜನರಿಗೆ ಒಟ್ಟಿಗೆ ಕಣ್ಣು ಹಳದಿಯಾದರೆ ಕಾರಣ ಹೆಚ್ಚಾಗಿ ಇವೇ. ಬಿ, ಸಿ, ಡಿ ಹರಡುವುದು ಮುಖ್ಯವಾಗಿ ರಕ್ತ ಮತ್ತು ದೇಹದ ದ್ರವಗಳ ಮೂಲಕ. ಬಿ ವೈರಸ್‌ಗೆ ಲಸಿಕೆ ಇದೆ, ಸಿ ವೈರಸ್‌ಗೆ ಇಲ್ಲ.

ಎ ಮತ್ತು ಇ ಸೋಂಕು ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಕಾಮಾಲೆಗೆ ಕೊಡುವ ಸೊಪ್ಪಿನ ರಸಕ್ಕೂ ಕೈಗೆ ಹಾಕುವ ಬರೆಗೂ ಇಷ್ಟು ಹೆಸರು ಬಂದಿರುವುದು ಇದರಿಂದಲೇ. ಔಷಧಿ ಕೊಟ್ಟರೂ ಕೊಡದಿದ್ದರೂ ಇಳಿಯುವ ಕಾಯಿಲೆಯನ್ನು ಇಳಿಸಿದ ಕೀರ್ತಿ ಅವಕ್ಕೆ ಸಂದಿದೆ. ಹೆಪಟೈಟಿಸ್ ಸಿ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಇದು ಬಂದ ಹತ್ತು ಜನರಲ್ಲಿ ಎಂಟು ಮಂದಿಗೆ ಮೊದಲಲ್ಲಿ ಯಾವ ಲಕ್ಷಣವೂ ಇರುವುದಿಲ್ಲ, ಕಣ್ಣೂ ಹಳದಿಯಾಗುವುದಿಲ್ಲ. ಬರೆಯ ಹುಣ್ಣಿನಿಂದ ಬೇರೆ ಸೋಂಕು ಬರುವುದಂತೂ ಇದ್ದೇ ಇದೆ.

ರಕ್ತದಿಂದ ರಕ್ತಕ್ಕೆ

ಹೆಪಟೈಟಿಸ್ ಸಿ ವೈರಸ್ ಹರಡಲು ಸೋಂಕಿತರ ರಕ್ತ ಇನ್ನೊಬ್ಬರ ರಕ್ತಕ್ಕೆ ತಲುಪಬೇಕು. ಕಣ್ಣಿಗೆ ಕಾಣದಷ್ಟು ಅಂಶವಾದರೂ ಸಾಕು. ಅದಕ್ಕೆ ಅತಿ ಸುಲಭವಾದ ದಾರಿ ಸೂಜಿ.

ಈಜಿಪ್ಟಿನಲ್ಲಿ ಆದದ್ದು ಇದಕ್ಕೆ ದೊಡ್ಡ ಉದಾಹರಣೆ. ನೈಲ್ ನದಿಯ ಕಾಲುವೆ ನೀರಿನಿಂದ ಬರುವ ಬಿಲ್‌ಹಾರ್ಜಿಯಾ ಎಂಬ ಹುಳುವಿನ ಕಾಯಿಲೆಗೆ 1950ರ ದಶಕದಿಂದ 1980ರ ದಶಕದ ಆರಂಭದವರೆಗೆ ಸರ್ಕಾರವೇ ಹಳ್ಳಿಹಳ್ಳಿಯಲ್ಲಿ ಇಂಜೆಕ್ಷನ್ ಕೊಡಿಸಿತು. ಬಳಸಿದ್ದು ಗಾಜಿನ ಸಿರಿಂಜು. ಒಬ್ಬರಿಗೆ ಚುಚ್ಚಿದ್ದನ್ನು ಸರಿಯಾಗಿ ಕುದಿಸದೆ ಇನ್ನೊಬ್ಬರಿಗೆ ಚುಚ್ಚಿದರು. ಹೆಪಟೈಟಿಸ್ ಸಿ ವೈರಸ್ ಪತ್ತೆಯಾದದ್ದೇ 1989ರಲ್ಲಿ, ಹಾಗಾಗಿ ಏನು ಹರಡುತ್ತಿದೆ ಎಂದು ಆಗ ಯಾರಿಗೂ ತಿಳಿದಿರಲಿಲ್ಲ. ಕೊನೆಗೆ ಈಜಿಪ್ಟ್ ಜಗತ್ತಿನಲ್ಲೇ ಅತಿ ಹೆಚ್ಚು ಸೋಂಕಿರುವ ದೇಶಗಳ ಸಾಲಿಗೆ ಸೇರಿತು. ಅದೇ ದೇಶ 2018–19ರಲ್ಲಿ ಸುಮಾರು 5 ಕೋಟಿ ಜನರ ರಕ್ತ ಪರೀಕ್ಷಿಸಿ, ಸೋಂಕಿದ್ದವರಿಗೆ ಉಚಿತವಾಗಿ ಮಾತ್ರೆ ಕೊಟ್ಟಿತು. ಹೆಪಟೈಟಿಸ್ ಸಿ ನಿರ್ಮೂಲನೆಯ ಹಾದಿಯಲ್ಲಿ ‘ಚಿನ್ನದ ಮಟ್ಟ’ ತಲುಪಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಅದನ್ನು ಗುರುತಿಸಿತು.

ಈಗ ಬಳಸಿ ಬಿಸಾಡುವ ಸಿರಿಂಜು ಬಂದಿದೆ, ಆದರೂ ತಪ್ಪು ನಡೆಯುವ ಜಾಗ ಒಂದು ಉಳಿದಿದೆ: ಹಲವರಿಗೆ ಆಗುವಷ್ಟು ಔಷಧಿ ಇರುವ ಬಾಟಲಿ. ಒಬ್ಬರಿಗೆ ಚುಚ್ಚಿದ ಸಿರಿಂಜನ್ನೇ, ಸೂಜಿ ಮಾತ್ರ ಬದಲಿಸಿ, ಮತ್ತೆ ಬಾಟಲಿಗೆ ಹಾಕಿ ಔಷಧಿ ಎಳೆದರೆ ಸಿರಿಂಜಿನ ಒಳಗೆ ಹಿಮ್ಮುಖವಾಗಿ ಬಂದಿದ್ದ ರಕ್ತದ ಅಂಶ ಬಾಟಲಿಗೆ ಸೇರುತ್ತದೆ. ಆಮೇಲೆ ಬರುವವರಿಗೆಲ್ಲ ಹೊಸ ಸಿರಿಂಜು, ಹೊಸ ಸೂಜಿ ಬಳಸಿದರೂ ಪ್ರಯೋಜನವಿಲ್ಲ, ಔಷಧಿಯೇ ಕೆಟ್ಟಿರುತ್ತದೆ. ಡಯಾಲಿಸಿಸ್ ಕೇಂದ್ರಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಬಾಟಲಿಯನ್ನು ಹಂಚಿಕೊಳ್ಳುವುದು, ಒಬ್ಬರಿಂದ ಇನ್ನೊಬ್ಬರ ಬಳಿಗೆ ಹೋಗುವಾಗ ಕೈಗವಸು ಬದಲಿಸದಿರುವುದು ಇದೇ ಜಾತಿಯ ತಪ್ಪುಗಳು. ಈ ವೈರಸ್ ಒಣಗಿದ ಕೂಡಲೇ ಸಾಯುವುದಿಲ್ಲ. ಪ್ರಯೋಗಾಲಯದ ಅಧ್ಯಯನಗಳಲ್ಲಿ ಸಾಮಾನ್ಯ ತಾಪಮಾನದ ಮೇಲ್ಮೈ ಮೇಲೆ ಆರು ವಾರದವರೆಗೂ ಸಿರಿಂಜಿನ ಒಳಗೆ ಒಂಬತ್ತು ವಾರದವರೆಗೂ ಸೋಂಕು ತರುವ ಸ್ಥಿತಿಯಲ್ಲಿ ಉಳಿದದ್ದಿದೆ.

ಉಳಿದ ದಾರಿಗಳು ಇವು. ಸೂಜಿ ಹಂಚಿಕೊಂಡು ಮಾದಕ ವಸ್ತು ಚುಚ್ಚಿಕೊಳ್ಳುವುದು. ಜಾತ್ರೆಯಲ್ಲಿ ಒಂದೇ ಸೂಜಿ, ಒಂದೇ ಬಣ್ಣದ ಬಟ್ಟಲಿನಿಂದ ಹಾಕುವ ಹಚ್ಚೆ. ಒಬ್ಬರ ಗಡ್ಡ ಹೆರೆದ ಬ್ಲೇಡನ್ನೇ ಇನ್ನೊಬ್ಬರಿಗೂ ಬಳಸುವುದು. ದಾನಿಗಳ ರಕ್ತವನ್ನು ಈ ವೈರಸ್‌ಗಾಗಿ ಪರೀಕ್ಷಿಸುವುದು ಭಾರತದಲ್ಲಿ ಕಡ್ಡಾಯವಾದದ್ದು 2000ದ ದಶಕದ ಆರಂಭದಲ್ಲಿ. ಅದಕ್ಕೂ ಮುಂಚೆ ರಕ್ತ ಹಾಕಿಸಿಕೊಂಡವರು, ಪದೇಪದೇ ರಕ್ತ ಪಡೆಯುವ ತಲಸ್ಸೀಮಿಯಾ, ಹಿಮೋಫಿಲಿಯಾ ರೋಗಿಗಳು ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಸೋಂಕಿರುವ ತಾಯಿಯಿಂದ ಮಗುವಿಗೆ ಬರುವ ಸಂಭವ ನೂರಕ್ಕೆ ಐದಾರು. ಗಂಡ ಹೆಂಡತಿಯ ನಡುವೆ ಲೈಂಗಿಕ ಸಂಪರ್ಕದಿಂದ ಹರಡುವುದು ತೀರಾ ಅಪರೂಪ. ಹೆಚ್‌ಐವಿ ಕೂಡ ಇದ್ದರೆ ಅಪಾಯ ಏರುತ್ತದೆ.

ತಟ್ಟೆ, ಲೋಟ, ಎಂಜಲು, ಅಪ್ಪುಗೆ, ಕೆಮ್ಮು, ಸೊಳ್ಳೆ, ಎದೆಹಾಲು ಇವುಗಳಿಂದ ಹರಡುವುದಿಲ್ಲ. ಮೊಲೆತೊಟ್ಟು ಬಿರುಕು ಬಿಟ್ಟು ರಕ್ತ ಒಸರುತ್ತಿದ್ದರೆ ಮಾತ್ರ ವಾಸಿಯಾಗುವವರೆಗೆ ಹಾಲೂಡಿಸುವುದನ್ನು ನಿಲ್ಲಿಸಬೇಕು. ಮನೆಯಲ್ಲಿ ಬೇರೆ ಇಡಬೇಕಾದದ್ದು ರೇಜರ್, ಹಲ್ಲುಜ್ಜುವ ಬ್ರಷ್, ಉಗುರು ಕಟ್ಟರ್, ಸಕ್ಕರೆ ನೋಡುವ ಲ್ಯಾನ್ಸೆಟ್ ಸೂಜಿ, ಇಷ್ಟೇ. ತಟ್ಟೆ ಬೇರೆ ಮಾಡುವುದು ಬರೀ ಅವಮಾನ.

ಲಿವರಿನೊಳಗೆ ನಡೆಯುವುದೇನು

ಸೋಂಕು ತಗುಲಿದ ಎರಡು ವಾರದಿಂದ ಆರು ತಿಂಗಳೊಳಗೆ ಕೆಲವರಿಗೆ ಸುಸ್ತು, ವಾಕರಿಕೆ, ಕಾಮಾಲೆ ಬರಬಹುದು. ಸುಮಾರು 30% ಜನರಲ್ಲಿ ಆರು ತಿಂಗಳೊಳಗೆ ದೇಹವೇ ವೈರಸ್ಸನ್ನು ಹೊರಹಾಕುತ್ತದೆ. ಉಳಿದ 70% ಜನರಲ್ಲಿ ಅದು ನೆಲೆಯೂರುತ್ತದೆ. ಆಮೇಲೆ ಹತ್ತು, ಇಪ್ಪತ್ತು ವರ್ಷ ಸದ್ದೇ ಇರುವುದಿಲ್ಲ. ಅಷ್ಟೂ ಕಾಲ ಲಿವರಿನ ಜೀವಕೋಶಗಳು ಸಾಯುತ್ತಾ, ಆ ಜಾಗದಲ್ಲಿ ಗಾಯದ ಕಲೆಯಂಥ ನಾರು ತುಂಬುತ್ತಾ ಹೋಗುತ್ತದೆ. ನಾರು ಹೆಚ್ಚಿ ಲಿವರ್ ಗಟ್ಟಿಯಾಗಿ ಗಂಟುಗಂಟಾದಾಗ ಅದಕ್ಕೆ ಸಿರೋಸಿಸ್ ಎನ್ನುತ್ತಾರೆ. ಸೋಂಕು ನೆಲೆಯೂರಿದವರಲ್ಲಿ 20 ವರ್ಷದೊಳಗೆ ಸಿರೋಸಿಸ್ ಆಗುವ ಸಂಭವ 15ರಿಂದ 30%. ಮದ್ಯ, ಸಕ್ಕರೆ ಕಾಯಿಲೆ, ಕೊಬ್ಬಿದ ಲಿವರ್, ಹೆಪಟೈಟಿಸ್ ಬಿ ಅಥವಾ ಹೆಚ್‌ಐವಿ ಜೊತೆಗಿದ್ದರೆ ಇನ್ನೂ ಬೇಗ.

ಹೊಟ್ಟೆಯಲ್ಲಿ ನೀರು ತುಂಬುವುದು, ರಕ್ತ ವಾಂತಿ, ಮಲ ಡಾಂಬರಿನಂತೆ ಕಪ್ಪಾಗುವುದು, ಮಂಕು ಕವಿದು ಮಾತು ತಡವರಿಸುವುದು ಸಿರೋಸಿಸ್ ಹದಗೆಟ್ಟಾಗಿನ ಲಕ್ಷಣಗಳು. ಈ ಹಂತದಲ್ಲಿ ಮೊದಲ ಬಾರಿಗೆ ಸೋಂಕು ಪತ್ತೆಯಾಗುವವರೂ ಇದ್ದಾರೆ. ಲಕ್ಷಣ ಬಂದ ಮೇಲೆ ನೋಡೋಣ ಎಂದು ಕಾದರೆ ಆಗುವುದು ಇದೇ.

ಎರಡು ಹೆಜ್ಜೆಯ ಪರೀಕ್ಷೆ

ಮೊದಲನೆಯದು ಆಂಟಿ-ಹೆಚ್‌ಸಿವಿ ಪರೀಕ್ಷೆ. ವರದಿಯಲ್ಲಿ ಟ್ರೈಡಾಟ್, ರ‍್ಯಾಪಿಡ್, ಕಾರ್ಡ್, ಎಲೈಸಾ ಎಂದೆಲ್ಲ ಇರಬಹುದು. ಇವೆಲ್ಲ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು. ಒಮ್ಮೆ ಹುಟ್ಟಿದ ಪ್ರತಿಕಾಯ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಹೀಗಾಗಿ ‘ರಿಯಾಕ್ಟಿವ್’ ಎಂಬುದಕ್ಕೆ ಮೂರು ಅರ್ಥ ಸಾಧ್ಯ: ಈಗ ವೈರಸ್ ಇದೆ, ಹಿಂದೆ ಇದ್ದದ್ದು ಈಗ ಹೋಗಿದೆ, ಅಥವಾ ಪರೀಕ್ಷೆಯೇ ತಪ್ಪು ತೋರಿಸಿದೆ. ಸೋಂಕಿನ ಅಪಾಯ ಕಡಿಮೆ ಇರುವ ಜನರಲ್ಲಿ ಈ ಮೂರನೆಯದಕ್ಕೂ ಅವಕಾಶ ಸಾಕಷ್ಟಿರುತ್ತದೆ.

ಎರಡನೆಯದು ಹೆಚ್‌ಸಿವಿ ಆರ್‌ಎನ್‌ಎ, ಅಂದರೆ ವೈರಲ್ ಲೋಡ್. ಇದು ಪಿಸಿಆರ್ ವಿಧಾನದಲ್ಲಿ ವೈರಸ್ಸಿನ ಆನುವಂಶಿಕ ವಸ್ತುವನ್ನೇ ಹುಡುಕಿ ಎಣಿಸುತ್ತದೆ. ಕ್ಷಯರೋಗಕ್ಕೆ ಬಳಸುವ ಟ್ರೂನ್ಯಾಟ್, ಜೀನ್‌ಎಕ್ಸ್‌ಪರ್ಟ್ ಯಂತ್ರಗಳಲ್ಲೂ ಇದಕ್ಕೆ ಬೇಕಾದ ಚಿಪ್ ಅಥವಾ ಕಾರ್ಟ್ರಿಡ್ಜ್ ಹಾಕಿ ಮಾಡಬಹುದು. ವರದಿ ಬರುವುದು ಹೀಗೆ:

‘ಟಾರ್ಗೆಟ್ ನಾಟ್ ಡಿಟೆಕ್ಟೆಡ್’: ವೈರಸ್ ಸಿಗಲಿಲ್ಲ. ಚಿಕಿತ್ಸೆ ಬೇಡ.

ಒಂದು ಸಂಖ್ಯೆ, ಮುಂದೆ ಐಯು/ಎಂಎಲ್: ವೈರಸ್ ಇದೆ. ಸಂಖ್ಯೆ ಸಾವಿರದಲ್ಲಿರಲಿ, ಲಕ್ಷದಲ್ಲಿರಲಿ, ಲಿವರ್ ಎಷ್ಟು ಹಾಳಾಗಿದೆ ಎಂಬುದನ್ನು ಅದು ಹೇಳುವುದಿಲ್ಲ. 40 ಲಕ್ಷ ಇದ್ದವರ ಲಿವರ್ ಚೆನ್ನಾಗಿದ್ದು, 50 ಸಾವಿರ ಇದ್ದವರಿಗೆ ಸಿರೋಸಿಸ್ ಇರುವುದು ಸಾಧ್ಯ.

‘ಡಿಟೆಕ್ಟೆಡ್, ಆದರೆ ಎಣಿಕೆಯ ಮಿತಿಗಿಂತ ಕಡಿಮೆ’: ಇದು ನೆಗೆಟಿವ್ ಅಲ್ಲ. ಕೆಲವು ವಾರ ಬಿಟ್ಟು ಮತ್ತೆ ಮಾಡಿಸಬೇಕು.

ಸೋಂಕು ತಗುಲಿ ಒಂದೆರಡು ವಾರಕ್ಕೇ ಆರ್‌ಎನ್‌ಎ ರಕ್ತದಲ್ಲಿ ಸಿಗುತ್ತದೆ, ಪ್ರತಿಕಾಯ ಸಿಗಲು 8ರಿಂದ 11 ವಾರ ಬೇಕು. ಈ ನಡುವೆ ಪ್ರತಿಕಾಯ ಪರೀಕ್ಷೆ ಮಾಡಿದರೆ ಸೋಂಕಿದ್ದರೂ ‘ನಾನ್ ರಿಯಾಕ್ಟಿವ್’ ಎಂದೇ ಬರುತ್ತದೆ. ಡಯಾಲಿಸಿಸ್‌ನಲ್ಲಿರುವವರು, ಹೆಚ್‌ಐವಿ ಇರುವವರು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರಲ್ಲಿ ಪ್ರತಿಕಾಯವೇ ಸರಿಯಾಗಿ ಹುಟ್ಟದಿರಬಹುದು. ಇಂಥವರಲ್ಲಿ ಶಂಕೆ ಇದ್ದರೆ ನೇರವಾಗಿ ಆರ್‌ಎನ್‌ಎ ಮಾಡಿಸಬೇಕು.

ಲ್ಯಾಬಿನಲ್ಲಿ ಎಡವುವುದು ಹೆಚ್ಚಾಗಿ ಸ್ಯಾಂಪಲ್ ಸಾಗಿಸುವಾಗ. ಆರ್‌ಎನ್‌ಎ ಬಲು ಸೂಕ್ಷ್ಮ, ಬೇಗ ಒಡೆಯುತ್ತದೆ. ಸಾಮಾನ್ಯವಾಗಿ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ರಕ್ತ ತೆಗೆದು, ಕಿಟ್‌ನಲ್ಲಿ ಹೇಳಿದ ಗಂಟೆಗಳೊಳಗೆ ಪ್ಲಾಸ್ಮಾ ಬೇರ್ಪಡಿಸಿ ತಣ್ಣಗಿಡಬೇಕು. ದೂರದ ಲ್ಯಾಬಿಗೆ ಬಿಸಿಲಲ್ಲಿ ದಿನಗಟ್ಟಲೆ ಹೋದ ರಕ್ತದಲ್ಲಿ ವೈರಸ್ ಸಿಗದಿದ್ದರೆ ಅದನ್ನು ನಂಬುವಂತಿಲ್ಲ.

ಮಾತ್ರೆ ಶುರುಮಾಡುವ ಮುಂಚೆ

ಆರ್‌ಎನ್‌ಎ ಪಾಸಿಟಿವ್ ಬಂದವರ ಲಿವರಿನಲ್ಲಿ ಸಿರೋಸಿಸ್ ಇದೆಯೇ ಎಂಬುದು ಮುಂದಿನ ಪ್ರಶ್ನೆ. ಯಾವ ಮಾತ್ರೆ, ಎಷ್ಟು ವಾರ ಎಂಬುದು ಅದರ ಮೇಲೆಯೇ ನಿಂತಿದೆ. ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಹೊರಗಿನಿಂದಲೇ ಅಳೆಯುವ ಫೈಬ್ರೋಸ್ಕ್ಯಾನ್ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೂ ಸಾಮಾನ್ಯ ರಕ್ತ ಪರೀಕ್ಷೆಯಿಂದ ಅಂದಾಜು ಮಾಡಬಹುದು.

ಎಎಸ್‌ಟಿ, ಎಎಲ್‌ಟಿ ಎಂಬುವು ಲಿವರ್ ಪರೀಕ್ಷೆಯ ವರದಿಯಲ್ಲಿರುವ ಎರಡು ಕಿಣ್ವಗಳು. ಎಪಿಆರ್‌ಐ ಎಂಬ ಲೆಕ್ಕ: ಎಎಸ್‌ಟಿ ಮೌಲ್ಯವನ್ನು ಲ್ಯಾಬಿನ ಮೇಲ್ಮಿತಿಯಿಂದ ಭಾಗಿಸಿ, ಅದನ್ನು ಪ್ಲೇಟ್‌ಲೆಟ್ ಸಂಖ್ಯೆಯಿಂದ (ಸಾವಿರಗಳಲ್ಲಿ) ಭಾಗಿಸಿ, 100ರಿಂದ ಗುಣಿಸಬೇಕು. ಎಎಸ್‌ಟಿ 96, ಮೇಲ್ಮಿತಿ 40, ಪ್ಲೇಟ್‌ಲೆಟ್ 1 ಲಕ್ಷ ಎಂದುಕೊಳ್ಳಿ. 96 ಭಾಗಿಸು 40 ಅಂದರೆ 2.4. ಒಂದು ಲಕ್ಷ ಎಂದರೆ 100 ಸಾವಿರ. 2.4 ಭಾಗಿಸು 100, ಗುಣಿಸು 100, ಉತ್ತರ 2.4. ಇದು 2 ಅಥವಾ ಹೆಚ್ಚಿದ್ದರೆ ಸಿರೋಸಿಸ್ ಶಂಕಿಸಬೇಕು. ಎಫ್‌ಐಬಿ-4 ಎಂಬ ಇನ್ನೊಂದು ಲೆಕ್ಕದಲ್ಲಿ ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ, ಪ್ಲೇಟ್‌ಲೆಟ್ ಮತ್ತು ಎಎಲ್‌ಟಿಯ ವರ್ಗಮೂಲ ಇವೆರಡರ ಗುಣಲಬ್ಧದಿಂದ ಭಾಗಿಸುತ್ತಾರೆ. ಅದೇ ವ್ಯಕ್ತಿಗೆ 50 ವರ್ಷ, ಎಎಲ್‌ಟಿ 64 ಆದರೆ 4,800 ಭಾಗಿಸು 800, ಅಂದರೆ 6. ಇಲ್ಲಿ 3.25 ದಾಟಿದರೆ ಶಂಕೆ. ಡೆಂಗಿ ಜ್ವರದ ಸಮಯದಲ್ಲಿ ಈ ಲೆಕ್ಕ ಹಾಕಬಾರದು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದು ಎಎಸ್‌ಟಿ ಏರುವುದರಿಂದ ಇಲ್ಲದ ಸಿರೋಸಿಸ್ ಕಾಗದದ ಮೇಲೆ ಹುಟ್ಟಿಬಿಡುತ್ತದೆ.

ಇದರ ಜೊತೆಗೆ ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಹೆಚ್‌ಐವಿ, ಹೊಟ್ಟೆಯ ಅಲ್ಟ್ರಾಸೌಂಡ್, ಮಹಿಳೆಯರಿಗೆ ಗರ್ಭ ಪರೀಕ್ಷೆ. ಹೆಪಟೈಟಿಸ್ ಬಿ ಇದೆಯೇ ಎಂದು ತಿಳಿಯುವ ಹೆಚ್‌ಬಿಎಸ್‌ಎಜಿ ಪರೀಕ್ಷೆಯನ್ನು ಬಿಡಲೇಬಾರದು. ಎರಡೂ ವೈರಸ್ ಇದ್ದಾಗ ಸಿ ಹೋಗುತ್ತಿದ್ದಂತೆ ಅದುವರೆಗೆ ಅಡಗಿದ್ದ ಬಿ ಕೆರಳಿ ಲಿವರ್ ಕುಸಿದುಬಿದ್ದ ಪ್ರಕರಣಗಳಿವೆ. ಅಂಥವರಿಗೆ ಬಿ ವೈರಸ್ಸಿನ ಔಷಧಿಯನ್ನೂ ಜೊತೆಗೆ ಕೊಡುತ್ತಾರೆ.

ಮಾತ್ರೆ ಕೆಲಸ ಮಾಡುವ ಬಗೆ

ಈ ವೈರಸ್ ಸುಮಾರು 9,600 ಅಕ್ಷರಗಳಷ್ಟು ಉದ್ದದ ಒಂದು ಆರ್‌ಎನ್‌ಎ ಎಳೆ. ಲಿವರಿನ ಜೀವಕೋಶದೊಳಗೆ ಸೇರಿ ತನ್ನದೇ ಒಂದು ಕಿಣ್ವದಿಂದ ಆ ಎಳೆಯನ್ನು ನಕಲು ಮಾಡಿಸುತ್ತದೆ. ನಕಲಿನಲ್ಲಿ ತಪ್ಪುಗಳಾಗಿ ರೂಪ ಬದಲಾಗುತ್ತಲೇ ಇರುವುದು ಲಸಿಕೆ ಸಿಗದಿರಲು ಒಂದು ಕಾರಣ. ಸೋಫೋಸ್ಬುವಿರ್ ಎಂಬ ಔಷಧಿ ಈ ಎಳೆಗೆ ಸೇರಬೇಕಾದ ಅಕ್ಷರದ ವೇಷದಲ್ಲಿ ಬರುತ್ತದೆ. ಸರ ಪೋಣಿಸುವಾಗ ಒಂದೇ ಬದಿಗೆ ತೂತಿರುವ ಮಣಿ ಸಿಕ್ಕಂತೆ: ಮಣಿಯೇನೋ ದಾರಕ್ಕೆ ಏರಿತು, ದಾರ ಆಚೆ ಬರಲಿಲ್ಲ, ಸರ ಅಲ್ಲಿಗೇ ನಿಂತಿತು. ಡಕ್ಲಾಟಸ್ವಿರ್, ವೆಲ್ಪಟಸ್ವಿರ್ ಎಂಬ ಔಷಧಿಗಳು ವೈರಸ್ಸಿನ ಎನ್‌ಎಸ್5ಎ ಎಂಬ ಇನ್ನೊಂದು ಪ್ರೋಟೀನನ್ನು ತಡೆಯುತ್ತವೆ. ಎರಡನ್ನೂ ಒಟ್ಟಿಗೆ ಹೊಡೆದರೆ ರೂಪ ಬದಲಿಸಿ ತಪ್ಪಿಸಿಕೊಳ್ಳುವ ಅವಕಾಶ ತೀರಾ ಕಡಿಮೆಯಾಗುತ್ತದೆ.

ಹೆಚ್‌ಐವಿ ನಮ್ಮ ಡಿಎನ್‌ಎಯೊಳಗೇ ಸೇರಿಕೊಳ್ಳುತ್ತದೆ. ಹೆಪಟೈಟಿಸ್ ಬಿ ಜೀವಕೋಶದ ಕೇಂದ್ರದಲ್ಲಿ ತನ್ನ ಒಂದು ಪ್ರತಿಯನ್ನು ಬಚ್ಚಿಡುತ್ತದೆ. ಹಾಗಾಗಿ ಅವೆರಡಕ್ಕೆ ವರ್ಷಗಟ್ಟಲೆ ಔಷಧಿ ಬೇಕಾಗುತ್ತದೆ. ಸಿ ವೈರಸ್‌ಗೆ ಅಂಥ ಅಡಗುದಾಣ ಇಲ್ಲ. ನಕಲು ನಿಂತರೆ ವಂಶವೇ ನಿಲ್ಲುತ್ತದೆ.

ಯಾವ ಮಾತ್ರೆ, ಎಷ್ಟು ದಿನ

ಸಿರೋಸಿಸ್ ಇಲ್ಲದ ವಯಸ್ಕರಿಗೆ ಸೋಫೋಸ್ಬುವಿರ್ 400 ಮಿ.ಗ್ರಾಂ, ಡಕ್ಲಾಟಸ್ವಿರ್ 60 ಮಿ.ಗ್ರಾಂ, ದಿನಕ್ಕೊಮ್ಮೆ, 12 ವಾರ. ಸಿರೋಸಿಸ್ ಇದ್ದು ಹೊಟ್ಟೆಯ ನೀರು, ಕಾಮಾಲೆ ಇಲ್ಲದವರಿಗೆ ಸೋಫೋಸ್ಬುವಿರ್ 400, ವೆಲ್ಪಟಸ್ವಿರ್ 100 ಒಂದೇ ಮಾತ್ರೆಯಲ್ಲಿ, 12 ವಾರ. ಸಿರೋಸಿಸ್ ಹದಗೆಟ್ಟಿದ್ದರೆ ಇದಕ್ಕೆ ರಿಬಾವಿರಿನ್ ಸೇರಿಸುತ್ತಾರೆ. ಅದು ಒಗ್ಗದಿದ್ದರೆ 24 ವಾರಕ್ಕೆ ವಿಸ್ತರಿಸುತ್ತಾರೆ. ಇಂಥವರ ಚಿಕಿತ್ಸೆ ತಜ್ಞರ ಕೈಯಲ್ಲೇ ನಡೆಯಬೇಕು. ರಿಬಾವಿರಿನ್ ಹಿಮೋಗ್ಲೋಬಿನ್ ಇಳಿಸುತ್ತದೆ, ಗರ್ಭದ ಮಗುವಿಗೆ ಹಾನಿ ಮಾಡುತ್ತದೆ. ವೈರಸ್‌ನಲ್ಲಿ ಜೀನೋಟೈಪ್ ಎಂದು ಕರೆಯುವ ಹಲವು ಬಗೆಗಳಿವೆ, ಭಾರತದಲ್ಲಿ ಹೆಚ್ಚು ಕಾಣುವುದು 3ನೆಯದು. ಈ ಜೋಡಿಗಳು ಎಲ್ಲ ಮುಖ್ಯ ಬಗೆಗಳ ಮೇಲೂ ಕೆಲಸ ಮಾಡುವುದರಿಂದ ಹೊಸ ರೋಗಿಗಳಿಗೆ ದುಬಾರಿ ಜೀನೋಟೈಪ್ ಪರೀಕ್ಷೆ ಸಾಮಾನ್ಯವಾಗಿ ಬೇಕಿಲ್ಲ.

ತಲೆನೋವು, ಸುಸ್ತು, ಸ್ವಲ್ಪ ವಾಕರಿಕೆ ಬಿಟ್ಟರೆ ದೊಡ್ಡ ತೊಂದರೆ ವಿರಳ. ಬೇರೆ ಮಾತ್ರೆಗಳ ಜೊತೆಗಿನ ಜಗಳದಿಂದ, ಇಲ್ಲವೇ ನಡುವೆ ಬಿಟ್ಟುಬಿಡುವುದರಿಂದ ಚಿಕಿತ್ಸೆ ಸೋಲುವುದುಂಟು.

ನಮ್ಮಲ್ಲಿ ಬೆಳಿಗ್ಗೆ ಎದ್ದು ಗ್ಯಾಸ್ ಮಾತ್ರೆ ನುಂಗುವವರು ಲೆಕ್ಕವಿಲ್ಲ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಹೊಟ್ಟೆಯ ಆಮ್ಲ ತಗ್ಗಿಸುತ್ತವೆ, ಆದರೆ ವೆಲ್ಪಟಸ್ವಿರ್ ರಕ್ತಕ್ಕೆ ಸೇರಲು ಆ ಆಮ್ಲ ಬೇಕು. ಈ 12 ವಾರ ಅವನ್ನು ಬಿಡುವುದೇ ಮೇಲು, ಬಿಡಲಾಗದಿದ್ದರೆ ವೈದ್ಯರು ಹೇಳಿದ ಹೊತ್ತಿನ ಅಂತರ ಪಾಲಿಸಬೇಕು. ಆಂಟಾಸಿಡ್ ಸಿರಪ್ಪಿಗೂ ಮಾತ್ರೆಗೂ ನಾಲ್ಕು ಗಂಟೆ ಅಂತರ ಇರಲಿ. ಕ್ಷಯರೋಗದ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಈ ಔಷಧಿಗಳನ್ನು ರಕ್ತದಿಂದ ಬೇಗ ತೆಗೆದುಹಾಕುತ್ತವೆ, ಜೊತೆಗೆ ಕೊಡುವಂತಿಲ್ಲ. ಎದೆಬಡಿತ ಸರಿಪಡಿಸುವ ಅಮಿಯೋಡರೋನ್ ಜೊತೆ ಸೋಫೋಸ್ಬುವಿರ್ ಸೇರಿದರೆ ಹೃದಯದ ಬಡಿತ ಅಪಾಯಕರವಾಗಿ ಇಳಿಯಬಹುದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ವೈರಸ್ ಇಳಿದಂತೆ ಸಕ್ಕರೆಯೂ ಇಳಿಯುವುದುಂಟು, ಆಗಾಗ ನೋಡಿಕೊಳ್ಳಬೇಕು. ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ, ಆಯುರ್ವೇದದ್ದೂ ಸೇರಿಸಿ, ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸಿ.

ಡಬ್ಬಿಯಲ್ಲಿ ಸಾಮಾನ್ಯವಾಗಿ 28 ಮಾತ್ರೆ, ಮೂರು ಡಬ್ಬಿಗೆ 84 ದಿನ. ಮರೆತರೆ ಅದೇ ದಿನ ನೆನಪಾದಾಗ ತೆಗೆದುಕೊಳ್ಳಿ, ಮರುದಿನ ಎರಡು ನುಂಗಬೇಡಿ. ಎರಡನೆಯ ಡಬ್ಬಿ ಮುಗಿಯುವ ಒಂದು ವಾರ ಮುಂಚೆಯೇ ಮೂರನೆಯದು ಕೈಯಲ್ಲಿರಲಿ.

ಪಥ್ಯದ ವಿಷಯ: ಉಪ್ಪು, ಎಣ್ಣೆ, ಬೇಳೆ ಬಿಡಬೇಕಿಲ್ಲ. ಮದ್ಯ ಬಿಡಬೇಕು. ಹೊಟ್ಟೆಯಲ್ಲಿ ನೀರಿದ್ದರೆ ಮಾತ್ರ ಉಪ್ಪು ಕಡಿಮೆ. ಸಿರೋಸಿಸ್ ಇರುವವರು ಬೇಳೆ, ಮೊಟ್ಟೆ, ಹಾಲು ಬಿಟ್ಟರೆ ಸ್ನಾಯು ಕರಗಿ ಇನ್ನಷ್ಟು ಸೊರಗುತ್ತಾರೆ.

ಖರ್ಚು

2013ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಸೋಫೋಸ್ಬುವಿರ್‌ಗೆ ಅನುಮತಿ ಸಿಕ್ಕಾಗ 84 ಮಾತ್ರೆಗೆ 84,000 ಡಾಲರ್ ಬೆಲೆ ಇತ್ತು. 2014ರಲ್ಲಿ ಭಾರತದ ಹಲವು ಕಂಪನಿಗಳಿಗೆ ತಯಾರಿಕೆಯ ಪರವಾನಗಿ ದೊರೆತ ಮೇಲೆ ಇಲ್ಲಿ ಬೆಲೆ ಕುಸಿಯಿತು. ಸೋಂಕು ಹೆಚ್ಚಿದ್ದ ಪಂಜಾಬ್ 2016ರಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲೇ ಉಚಿತ ಚಿಕಿತ್ಸೆ ಶುರುಮಾಡಿತು. 2018ರ ಜುಲೈ 28ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ನಿಮ್ಮ ಜಿಲ್ಲಾ ಆಸ್ಪತ್ರೆ ಅಥವಾ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಈ ಹೆಸರು ಹೇಳಿ ಹತ್ತಿರದ ಚಿಕಿತ್ಸಾ ಕೇಂದ್ರ ಯಾವುದೆಂದು ಕೇಳಿ. ಖಾಸಗಿಯಲ್ಲಿ ಮಾಡಿಸಿದ ವರದಿ, ಆಧಾರ್ ಪ್ರತಿ ಜೊತೆಗಿರಲಿ.

ವಾಸಿಯಾಯಿತು ಎನ್ನುವುದು ಯಾವಾಗ

ಕೊನೆಯ ಮಾತ್ರೆ ನುಂಗಿದ ದಿನವಲ್ಲ, ಅದಾಗಿ 12 ವಾರ ಕಳೆದ ಮೇಲೆ ಮತ್ತೆ ಆರ್‌ಎನ್‌ಎ ಪರೀಕ್ಷೆ. ಆಗಲೂ ವೈರಸ್ ಸಿಗದಿದ್ದರೆ ಸೋಂಕು ಹೋಗಿದೆ. ಮಾತ್ರೆ ಪೂರ್ತಿ ಮುಗಿಸಿದವರಲ್ಲಿ ಸುಮಾರು 95% ಜನ ಈ ಫಲಿತಾಂಶ ಪಡೆಯುತ್ತಾರೆ. ಸುಸ್ತು ಹೋಯಿತು, ಎಎಲ್‌ಟಿ ಸರಿಯಾಯಿತು ಎಂದು ಈ ಪರೀಕ್ಷೆಯನ್ನು ಬಿಡುವವರೇ ಬಹಳ. ಸೋಂಕು ಉಳಿದ ಕೆಲವರಿಗೆ ಬೇರೆ ಜೋಡಿ ಮಾತ್ರೆಗಳಿವೆ, ಆದರೆ ಉಳಿದಿದೆ ಎಂದು ಮೊದಲು ಗೊತ್ತಾಗಬೇಕಲ್ಲ. ಈ ವರದಿಯನ್ನು ಜೋಪಾನವಾಗಿಡಿ, ಪ್ರತಿಕಾಯ ಪರೀಕ್ಷೆ ಮುಂದೆಯೂ ರಿಯಾಕ್ಟಿವ್ ಎಂದೇ ಬರುತ್ತದೆ. ಅದೇ ಕಾರಣಕ್ಕೆ ವಾಸಿಯಾದ ಮೇಲೂ ರಕ್ತದಾನ ಮಾಡುವಂತಿಲ್ಲ.

ಒಮ್ಮೆ ವಾಸಿಯಾದವರಿಗೆ ಮತ್ತೆ ಸೋಂಕು ತಗುಲಬಹುದು, ದೇಹದಲ್ಲಿರುವ ಪ್ರತಿಕಾಯ ಕಾಪಾಡುವುದಿಲ್ಲ. ಡಯಾಲಿಸಿಸ್‌ನಲ್ಲಿರುವವರಿಗೂ ಇದೇ ಮಾತ್ರೆಗಳನ್ನು ಕೊಡಬಹುದು. ವಾಸಿಯಾದ ಮೇಲೆ ಅವರ ಆರು ತಿಂಗಳಿಗೊಮ್ಮೆಯ ತಪಾಸಣೆಯನ್ನು ಆರ್‌ಎನ್‌ಎಯಲ್ಲೇ ಮಾಡಬೇಕು. ಗರ್ಭಿಣಿಯರಿಗೆ ಚಿಕಿತ್ಸೆಯನ್ನು ಸಾಮಾನ್ಯವಾಗಿ ಹೆರಿಗೆಯ ನಂತರಕ್ಕೆ ಇಡುತ್ತಾರೆ. ಹುಟ್ಟಿದ ಮಗುವಿನ ರಕ್ತದಲ್ಲಿ ತಾಯಿಯ ಪ್ರತಿಕಾಯ 18 ತಿಂಗಳವರೆಗೂ ಇರಬಹುದಾದ್ದರಿಂದ ಅದಕ್ಕೂ ಮುಂಚೆ ನೋಡುವುದಾದರೆ ಆರ್‌ಎನ್‌ಎ ನೋಡಬೇಕು.

ಚಿಕಿತ್ಸೆಗೆ ಮುಂಚೆಯೇ ಸಿರೋಸಿಸ್ ಆಗಿದ್ದವರ ದಾರಿ ಸ್ವಲ್ಪ ಉದ್ದ. ವೈರಸ್ ಹೋದರೆ ಲಿವರ್ ಕ್ಯಾನ್ಸರಿನ ಅಪಾಯ ಬಹಳ ಇಳಿಯುತ್ತದೆ, ಸೊನ್ನೆಯಾಗುವುದಿಲ್ಲ. ಅವರು ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸುತ್ತಲೇ ಇರಬೇಕು. ಅನ್ನನಾಳದ ರಕ್ತನಾಳಗಳು ಉಬ್ಬಿವೆಯೇ ಎಂದು ನೋಡಲು ಎಂಡೋಸ್ಕೋಪಿ ಬೇಕೇ ಎಂಬುದನ್ನು ಪ್ಲೇಟ್‌ಲೆಟ್ ಸಂಖ್ಯೆ, ಫೈಬ್ರೋಸ್ಕ್ಯಾನ್ ನೋಡಿ ವೈದ್ಯರು ಹೇಳುತ್ತಾರೆ.